ಪುಣೆ ಸುತ್ತಮುತ್ತ ಈಗ ಗಾಳಕ್ಕೆ ಮೀನು ಎಲ್ಲಿ ಸಿಗುತ್ತಿದೆ?

ನೀವು ದಾವಣಗೆರೆಯಿಂದ ಪಿಂಪ್ರಿಗೆ ಬಂದು ಆರು ತಿಂಗಳಾಯಿತು ಅಂದಿರಿ. ಊರಲ್ಲಿದ್ದಾಗ ಸೂಳೆಕೆರೆ, ಭದ್ರಾ ಕಾಲುವೆಗಳಲ್ಲಿ ಗಾಳ ಹಾಕಿದ ಕೈ. ಈಗ ಇಲ್ಲಿ ಮೀನು ಎಲ್ಲಿ ಕಚ್ಚುತ್ತಿದೆ, ಯಾರ ಅಪ್ಪಣೆ ಬೇಕು, ಹಿಡಿದದ್ದನ್ನು ಮನೆಗೆ ಒಯ್ದು ತಿನ್ನಬಹುದೇ ಎಂದು ಕೇಳಿದ್ದೀರಿ. ನಾನು ಅಫಜಲಪುರ ತಾಲೂಕಿನವನು, ಪುಣೆಗೆ ಬಂದು ಹದಿನೇಳು ವರ್ಷ. ರವಿವಾರ ಬಂತೆಂದರೆ ಯಾವುದಾದರೂ ಹಿನ್ನೀರಿನ ದಂಡೆಯ ಮೇಲೇ ಇರುತ್ತೇನೆ. ಹೋದ ನಾಲ್ಕು ವಾರ ನಾನೇ ಕಂಡದ್ದನ್ನು ಹೇಳುತ್ತೇನೆ.

ನಿಮಗಿರುವುದು ಒಂದೇ ರವಿವಾರ, ಬುಟ್ಟಿ ತುಂಬಬೇಕು ಎನ್ನುವುದಾದರೆ ಭೀಮಾ ನದಿಯ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿ. ಸ್ವಚ್ಛ ನೀರು, ತಿನ್ನಲು ಧೈರ್ಯವಾಗುವ ಮೀನು, ನಾಲ್ಕು ತಾಸು ನೆಮ್ಮದಿ ಬೇಕಾದರೆ ವರಸಗಾಂವ ಅಥವಾ ಪಾನಶೇತದ ಹಿನ್ನೀರು. ಖಡಕವಾಸಲಾ ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗಬೇಡಿ.

ಖಡಕವಾಸಲಾ ಬೇಡ ಎನ್ನಲು ಕಾರಣವಿದೆ. ಪುಣೆಗೆ ನೀರು ಕೊಡುವ ಸಾಲಿನಲ್ಲಿ ನಾಲ್ಕು ಅಣೆಕಟ್ಟುಗಳಿವೆ. ಟೇಮಘರ 3.71 ಟಿಎಂಸಿ, ವರಸಗಾಂವ 12.82, ಪಾನಶೇತ 10.65. ಎಲ್ಲಕ್ಕೂ ಕೆಳಗಿನ ಖಡಕವಾಸಲಾ ಬರೀ 1.97. ಊರಿಗೆ ಕುಡಿಯುವ ನೀರು, ಕಾಲುವೆಗೆ ಹೊಲದ ನೀರು ಎರಡೂ ಹೋಗುವುದು ಈ ಚಿಕ್ಕ ಕೆರೆಯಿಂದಲೇ. ಈಗ ಹಿಂಗಾರಿ ಪೈರಿಗೆ ಕಾಲುವೆ ಬಿಡುವ ಕಾಲ ಬೇರೆ. ಮೇಲಿಂದ ನೀರು ಬಂದಾಗ ಏರುತ್ತದೆ, ಕಾಲುವೆಗೆ ಬಿಟ್ಟಾಗ ಇಳಿಯುತ್ತದೆ. ದಂಡೆಯ ಹುಲ್ಲಿನಲ್ಲಿ ನಿನ್ನೆ ಮೇಯುತ್ತಿದ್ದ ಮೀನು ಇವತ್ತು ಆಳಕ್ಕೆ ಸರಿದಿರುತ್ತದೆ. ಮೇಲಿನ ವರಸಗಾಂವ, ಪಾನಶೇತದಲ್ಲಿ ಹಾಗಲ್ಲ. ಮಳೆಗಾಲದಲ್ಲಿ ತುಂಬಿ ನಿಂತ ನೀರು ಈಗ ದಿನಕ್ಕಿಷ್ಟು ಎಂದು ಒಂದೇ ಹದದಲ್ಲಿ ಇಳಿಯುತ್ತಿದೆ. ಮೆಲ್ಲಗೆ ಇಳಿಯುವ ನೀರಿನಲ್ಲಿ ಗೆಂಡೆ ಜಾತಿಯ ಮೀನು ಅಂಚಿಗೆ ಬಂದು ಮೇಯುವುದನ್ನು ನೀವೂ ಸೂಳೆಕೆರೆಯಲ್ಲಿ ನೋಡಿರುತ್ತೀರಿ. ಹಾಗಾಗಿ ಹೊರಡುವ ಮುನ್ನ ಅಣೆಕಟ್ಟಿನ ಹೆಸರು ನೋಡಬೇಡಿ, ಆ ವಾರ ನೀರು ಬಿಟ್ಟಿದ್ದಾರೆಯೇ ಇಲ್ಲವೇ ಎಂದು ನೋಡಿ. ಮರಾಠಿ ದಿನಪತ್ರಿಕೆಯಲ್ಲಿ ಧರಣಗಳ (ಅಣೆಕಟ್ಟುಗಳ) ಮಟ್ಟ, ವಿಸರ್ಗದ (ಹೊರಬಿಟ್ಟ ನೀರಿನ) ಅಂಕಿ ಬರುತ್ತಿರುತ್ತದೆ. ನಾನು ಹವಾಮಾನಕ್ಕಿಂತ ಮೊದಲು ಓದುವುದು ಅದನ್ನೇ.

ವರಸಗಾಂವದಲ್ಲಿ ಎರಡು ರವಿವಾರ ಕೂತೆ. ಮೊದಲನೇ ಸಲ ಒಂದೂವರೆ ಕಿಲೋದ ಎರಡು ರೋಹು ಸಿಕ್ಕವು. ಎರಡನೇ ಸಲ ನಾಲ್ಕು ಕಿಲೋಕ್ಕೆ ಸ್ವಲ್ಪ ಕಡಿಮೆ ತೂಗುವ ಒಂದು ಕಾಟ್ಲಾ, ಅಂಗೈಯಗಲದ ನಾಲ್ಕೈದು ಮೃಗಾಲ್. ಕಾಟ್ಲಾ ಮೇಲ್ಪದರದ ಮೀನು, ರೋಹು ನಡುನೀರಿನದು, ಮೃಗಾಲ್ ಕೆಸರು ಕೆದರುವುದು. ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟುತ್ತೀರಿ ಎನ್ನುವುದರ ಮೇಲೆ ಯಾವ ಮೀನು ಎಂಬುದು ಅರ್ಧ ನಿರ್ಧಾರವಾಗಿಬಿಡುತ್ತದೆ. ನನ್ನ ಎರೆ ಹಳೆಯದೇ: ಶೇಂಗಾ ಹಿಂಡಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹುರಿದ ತೌಡು, ಸ್ವಲ್ಪ ಮೈದಾ ಸೇರಿಸಿ ನಾದುವುದು. ನೀರಿಗೆ ಬಿದ್ದ ಮೇಲೆ ಹತ್ತು ನಿಮಿಷದಲ್ಲಿ ಬಿಚ್ಚಿಕೊಳ್ಳುವಷ್ಟು ಸಡಿಲ ಇರಬೇಕು. ಗಟ್ಟಿ ಉಂಡೆ ಕಟ್ಟಿದರೆ ವಾಸನೆ ಹರಡುವುದಿಲ್ಲ, ಮೀನು ಹತ್ತಿರ ಬರುವುದಿಲ್ಲ.

ಇನ್ನು ಹೊತ್ತಿನ ಮಾತು. ಬೆಳಕು ಹರಿಯುವ ಮುನ್ನವೇ ದಂಡೆಯಲ್ಲಿರಬೇಕು ಎಂಬುದು ಬೇಸಿಗೆಯ ಲೆಕ್ಕ. ಈಗ ಪುಣೆಯ ಚಳಿ ಇಳಿದಿದೆ, ಹಿನ್ನೀರಿನ ಮೇಲೆ ಎಂಟರವರೆಗೂ ಮಂಜು. ನೀರು ತಣ್ಣಗಾದಷ್ಟೂ ಮೀನಿನ ಮೈ ಜಡವಾಗುತ್ತದೆ, ಹಸಿವು ಕಡಿಮೆಯಾಗುತ್ತದೆ. ನನಗೆ ಸಿಕ್ಕ ಮೀನುಗಳಲ್ಲಿ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬಿಸಿಲೇರಿದ ಮೇಲೆ, ಹತ್ತರಿಂದ ಎರಡರ ನಡುವೆ ಬಂದದ್ದು. ಮನೆಯಲ್ಲಿ ಚಹಾ ಕುಡಿದೇ ಹೊರಡಿ.

ಉಜನಿಯ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನನಗೆ ಹೇಳಲು ಬಹಳ ಇದೆ, ಯಾಕೆಂದರೆ ನಮ್ಮೂರ ಹೊಲದಂಚಿಗೆ ಹರಿಯುವ ಭೀಮೆಯೇ ಇಲ್ಲಿ ಕೆರೆಯಾಗಿ ನಿಂತಿರುವುದು. ಪುಣೆಯಿಂದ ಸೊಲ್ಲಾಪುರ ದಾರಿಯಲ್ಲಿ ಸುಮಾರು ನೂರು ಕಿಲೋಮೀಟರ್ ಹೋದರೆ ಭಿಗವಣ ಸಿಗುತ್ತದೆ, ಅಲ್ಲಿಂದಲೇ ಹಿನ್ನೀರು. ಊರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಎಷ್ಟೋ ವರ್ಷ ಆ ಕಡೆ ನೋಡುತ್ತಾ ಹೋಗಿದ್ದೆ, ಇಳಿದಿರಲಿಲ್ಲ. ಉಜನಿಯ ಒಟ್ಟು ಹಿಡಿತ 117 ಟಿಎಂಸಿ. ಅದರಲ್ಲಿ 63ಕ್ಕೂ ಹೆಚ್ಚು ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು, ಅಂದರೆ ಮೃತ ಸಂಗ್ರಹ. ಅದಕ್ಕೇ ಬೇಸಿಗೆಯಲ್ಲಿ ಪತ್ರಿಕೆಗಳು "ಉಜನಿ ಮೈನಸ್‌ಗೆ ಹೋಯಿತು" ಎಂದು ಬರೆಯುತ್ತವೆ. 2024ರ ಬೇಸಿಗೆಯಲ್ಲಿ ಮೈನಸ್ ಶೇಕಡಾ ಐವತ್ತನ್ನೂ ದಾಟಿತ್ತು. ಹಾಗಿದ್ದೂ ಮೀನಿಗೆ ಮಡು ಉಳಿದಿತ್ತು. ಬೇರೆ ಕೆರೆ ಬತ್ತಿದಾಗ ಮೀನಿನ ಸಂತತಿಯೇ ಮುಗಿಯುತ್ತದೆ, ಇಲ್ಲಿ ಮುಗಿಯುವುದಿಲ್ಲ.

ಈಗ ಉಜನಿಯಲ್ಲಿ ಮುಖ್ಯವಾಗಿ ಸಿಗುವುದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಇಲ್ಲಿಯವರು ಚಿಲಾಪಿ ಎನ್ನುತ್ತಾರೆ. ಭಿಗವಣದ ಮೀನು ಮಾರುಕಟ್ಟೆಯಲ್ಲಿ ಬೆಳಿಗ್ಗೆ ನಿಂತರೆ ಬುಟ್ಟಿ ಬುಟ್ಟಿ ಅದೇ ಇಳಿಯುತ್ತದೆ. ಹೋದ ತಿಂಗಳ ಕೊನೆಯ ರವಿವಾರ ಮೂರು ತಾಸಿನಲ್ಲಿ ನನಗೆ ಹತ್ತೊಂಬತ್ತು ಬಂದವು, ಬಹಳಷ್ಟು ಕಾಲು ಕಿಲೋದ ಒಳಗಿನವು. ಚಿಕ್ಕ ಕೊಕ್ಕೆ, ಎರೆಹುಳು, ಮೊಣಕಾಲುದ್ದದ ನೀರು, ಅಷ್ಟು ಸಾಕು. ಜಾಲಿಕಂಟಿ ಮುಳುಗಿರುವ ಒಂದು ಮೂಲೆಯಲ್ಲಿ ಚಿಕ್ಕ ಕಪ್ಪೆಯಾಕಾರದ ರಬ್ಬರ್ ಎರೆ ಎಳೆದಾಗ ಒಂದು ಮರಳ, ಅದೇ ಹಾವಿನ ತಲೆಯ ಮೀನು, ಒಂದು ಕಿಲೋಕ್ಕಿಂತ ಮೇಲಿನದು ಹಿಡಿಯಿತು. ನೀರುಕಾಗೆಗಳು ಗುಂಪಾಗಿ ಮುಳುಗಿ ಏಳುವ ಕಡೆ ನೋಡಿ ಕೂಡಿರಿ, ಅಲ್ಲಿ ಮರಿಮೀನಿನ ಹಿಂಡು ಇರುತ್ತದೆ, ಅದರ ಬೆನ್ನಿಗೆ ದೊಡ್ಡದೂ ಇರುತ್ತದೆ. ನೀರು ಇನ್ನಷ್ಟು ಇಳಿದು ಕೆಸರು ತೆರೆದುಕೊಂಡಾಗ ಫ್ಲೆಮಿಂಗೊಗಳು ಬರುತ್ತವೆ. ಆ ತೆಳುನೀರಿನ ಕಡೆ ಹೋಗಿ ಹಕ್ಕಿಗಳನ್ನು ಎಬ್ಬಿಸಬೇಡಿ. ದೋಣಿಯವರ ಹೊಟ್ಟೆಪಾಡೂ ಆ ಹಕ್ಕಿಗಳ ಮೇಲಿದೆ.

ಉಜನಿಯಲ್ಲಿ ಇನ್ನೆರಡು ಮೀನು ನಿಮ್ಮ ಗಾಳಕ್ಕೆ ಬರಬಹುದು, ಮುಂಚೆ ಹೇಳಿಬಿಡುತ್ತೇನೆ. ಒಂದು ಆಫ್ರಿಕನ್ ಕ್ಯಾಟ್‌ಫಿಶ್. ಇದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷೇಧ. ಹೊಂಡದಿಂದ ತಪ್ಪಿಸಿಕೊಂಡು ನದಿ ಸೇರಿದ್ದು ಊರಿನ ಮೀನುಗಳನ್ನೆಲ್ಲ ನುಂಗುತ್ತದೆ. ಇನ್ನೊಂದು ಮೈಯೆಲ್ಲ ಮುಳ್ಳಿನ ತಗಡು ಹೊದ್ದ ಸಕರ್ ಮೀನು. ಅಕ್ವೇರಿಯಮ್ಮಿನವರು ಸಾಕಿ ಬೇಸತ್ತು ನೀರಿಗೆ ಬಿಟ್ಟದ್ದು. ಅದು ಸಿಕ್ಕಿಕೊಂಡರೆ ಬಡ ಮೀನುಗಾರನ ಬಲೆ ಹರಿದೇ ಹೋಗುತ್ತದೆ. ಎರಡನ್ನೂ ಮರಳಿ ನೀರಿಗೆ ಬಿಡಬೇಡಿ. ಇದು ನನ್ನ ಕಳಕಳಿಯ ವಿನಂತಿ.

ಒಂದು ಎಚ್ಚರಿಕೆ. ಉಜನಿಯಲ್ಲಿ ದೋಣಿ ಹತ್ತಬೇಡಿ, ಹತ್ತಿದರೂ ಲೈಫ್ ಜಾಕೆಟ್ ಇಲ್ಲದೆ ಬೇಡ. ನೀರು ಅಷ್ಟು ಅಗಲ ಇರುವಲ್ಲಿ ಮಧ್ಯಾಹ್ನದ ಗಾಳಿಗೆ ತೆರೆ ಏಳುತ್ತದೆ. 2024ರ ಮೇ ತಿಂಗಳಲ್ಲಿ ಕುಗಾಂವದಿಂದ ಕಳಾಶಿಗೆ ಹೊರಟಿದ್ದ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ಹೋದರು. ಪವನಾ ಅಣೆಕಟ್ಟಿನ ಹಿನ್ನೀರಿನಲ್ಲೂ ಪ್ರತಿವರ್ಷ ಯಾರಾದರೂ ಹುಡುಗರು ಮುಳುಗಿದ ಸುದ್ದಿ ಬರುತ್ತದೆ. ಈ ಹಿನ್ನೀರಿನ ಅಡಿಯಲ್ಲಿ ಮುಳುಗಿರುವುದು ಒಂದು ಕಾಲದ ಹೊಲ, ಬಾವಿ, ಮನೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದವನ ಮುಂದಿನ ಹೆಜ್ಜೆ ಹಳೆಯ ಬಾವಿಯೊಳಗೆ ಇರಬಹುದು. ನೀರಿಗಿಳಿಯದೆ ದಂಡೆಯಿಂದಲೇ ಹಾಕಿ.

ಪವನಾದಲ್ಲಿ ನಾನು ಕೂತದ್ದು ಒಂದೇ ದಿನ, ತಿಕೋನಾ ಕೋಟೆ ಕಾಣುವ ಮಗ್ಗುಲಿಗೆ. ರೋಹು ಒಂದೂ ಇಲ್ಲ. ಮಧ್ಯಾಹ್ನ ಹಿಟ್ಟಿನ ಉಂಡೆಗೆ ಏನೋ ಹಿಡಿದು ರೀಲು ಕಿರುಗುಟ್ಟಿತು. ಮುಕ್ಕಾಲು ಕಿಲೋ ಇದ್ದೀತು, ಆದರೆ ಎಳೆತ ಮೂರು ಕಿಲೋದ್ದು. ದಂಡೆಗೆ ತಂದಾಗ ದೊಡ್ಡ ಹುರುಪೆ, ದಪ್ಪ ತುಟಿ, ನೀಲಿ ಛಾಯೆಯ ರೆಕ್ಕೆ. ಮಹಸೀರ್! ಶೃಂಗೇರಿಯ ತುಂಗೆಯಲ್ಲಿ ಮೆಟ್ಟಿಲ ಬಳಿ ಮಂಡಕ್ಕಿ ಹಾಕಿದಾಗ ಮುತ್ತುವ ದೇವರ ಮೀನುಗಳಿವೆಯಲ್ಲ, ಅದೇ ಬಳಗ. ಕೊಕ್ಕೆಯನ್ನು ನೀರೊಳಗೇ ಬಿಡಿಸಿ, ತಲೆ ನೀರಿನ ಕಡೆ ಮಾಡಿ ಹಿಡಿದುಕೊಂಡೆ. ಅರ್ಧ ನಿಮಿಷಕ್ಕೆ ಬಾಲ ಬೀಸಿ ಹೋಯಿತು. ನಾಲ್ಕು ವಾರದಲ್ಲಿ ನನಗೆ ಅತಿ ಸಂತೋಷ ಕೊಟ್ಟದ್ದು ಆ ಒಂದೇ ಮೀನು.

ಸಂತೋಷಕ್ಕೆ ಕಾರಣ ಇದೆ. ಈ ದಖ್ಖನಿನ ಮಹಸೀರನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ, 1839ರಲ್ಲಿ. ಅವನಿಗೆ ಅದು ಸಿಕ್ಕಿದ್ದು ಪುಣೆಯ ಪೂರ್ವಕ್ಕೆ ಹರಿಯುವ ಮುಳಾ-ಮುಠಾ ನದಿಯಲ್ಲಿ. ಇವತ್ತು ಸೇತುವೆ ಮೇಲೆ ಮೂಗು ಮುಚ್ಚಿಕೊಂಡು ದಾಟುತ್ತೇವಲ್ಲ, ಅದೇ ನದಿ. ಲೋಣಾವಳದ ವಳವಣದಲ್ಲಿ ಟಾಟಾ ಪವರ್‌ನವರು 1970ರ ದಶಕದಿಂದ ಇದರ ಮರಿ ಮಾಡಿ ಕೆರೆ-ನದಿಗಳಿಗೆ ಬಿಡುತ್ತಿದ್ದಾರೆ. ಅಪಾಯದಲ್ಲಿರುವ ಜೀವಿಗಳ ಸಾಲಿನಿಂದ ಅದು ಹೊರಬಂದಿರುವುದರಲ್ಲಿ ಅಂಥ ಕೆಲಸದ ಪಾಲೂ ಇದೆ ಎನ್ನುತ್ತಾರೆ. ನಿಮ್ಮ ಗಾಳಕ್ಕೆ ಬಂದರೆ ಫೋಟೋ ತೆಗೆಯುವುದಕ್ಕೂ ಬಹಳ ಹೊತ್ತು ಮೇಲೆತ್ತಬೇಡಿ, ಬಿಟ್ಟುಬಿಡಿ. ದೇಹು, ಆಳಂದಿಯ ಘಾಟುಗಳಲ್ಲಿ ಗಾಳವನ್ನು ಹೊರಗೇ ತೆಗೆಯಬೇಡಿ. ವಿಠ್ಠಲನ ಭಕ್ತರಾದ ವಾರಕರಿಗಳಿಗೆ ಅಲ್ಲಿ ಹರಿಯುವ ಇಂದ್ರಾಯಣಿಯ ಮೀನು ಕೂಡ ಪೂಜ್ಯ.

ಅಪ್ಪಣೆಯ ಮಾತು ಚಿಕ್ಕದು. ಇಲ್ಲಿ ಹಿನ್ನೀರಿನ ಮೀನುಗಾರಿಕೆಯ ಹಕ್ಕನ್ನು ಸರ್ಕಾರ ಮೀನುಗಾರರ ಸಹಕಾರಿ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತದೆ. ಮರಿ ತಂದು ಬಿಟ್ಟವರು ಅವರು. ಮೊದಲು ದಂಡೆಯ ಊರಿನಲ್ಲಿ ವಿಚಾರಿಸಿ, ಸಂಘದವರನ್ನು ಕಂಡು, "ಕಾಕಾ, ಒಂದು ಕೋಲು ಹಾಕಲೇ?" ಎಂದು ಕೇಳಿ. ಕೆಲವರು ದಿನಕ್ಕಿಷ್ಟು ತೆಗೆದುಕೊಳ್ಳುತ್ತಾರೆ, ಕೆಲವರು ಹಾಗೇ ಬಿಡುತ್ತಾರೆ. ಬಲೆ ತರಬೇಡಿ. ಅಣೆಕಟ್ಟಿನ ಗೋಡೆ, ಬಾಗಿಲುಗಳ ಹತ್ತಿರ ಹೋಗುವಂತಿಲ್ಲ. ಖಡಕವಾಸಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮಗ್ಗುಲು ಪೂರ್ತಿ ನಿಷಿದ್ಧ. ಮಿರಗ (ಮೃಗಶಿರಾ ಮಳೆ) ಕೂಡಿದ ಮೇಲೆ, ಹೊಸನೀರಿಗೆ ಮೀನು ಮೊಟ್ಟೆ ಹೊತ್ತು ಏರಿ ಬರುವ ಎರಡು-ಮೂರು ತಿಂಗಳು ನಾನು ಕೋಲನ್ನು ಅಟ್ಟಕ್ಕೆ ಹಾಕುತ್ತೇನೆ.

ತಿನ್ನುವ ವಿಷಯದಲ್ಲಿ ನನ್ನ ಮನೆಯ ನಿಯಮ ಹೀಗಿದೆ. ಪುಣೆಯ ಹೊಲಸು ಸೇರದ ನೀರಿನ ಮೀನು, ಅಂದರೆ ವರಸಗಾಂವ, ಪಾನಶೇತ, ಭೋರ್ ಬಳಿಯ ಭಾಟಘರ, ನಿಶ್ಚಿಂತೆಯಿಂದ ತಿನ್ನುತ್ತೇವೆ. ಆ ಕಾಟ್ಲಾದ ಸಾರು, ಬಿಸಿ ಜೋಳದ ರೊಟ್ಟಿ ಎರಡು ಹೊತ್ತಿಗೆ ಬಂತು. ಪುಣೆ ಊರೊಳಗಿನ ಮುಳಾ, ಮುಠಾ, ಪವನಾ, ಇಂದ್ರಾಯಣಿಯ ಮೀನು ಎಷ್ಟೇ ದೊಡ್ಡದಿದ್ದರೂ ಬೇಡವೇ ಬೇಡ. ಒಂದು ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮರುದಿನ ಸೇತುವೆ ಕೆಳಗೆ ಸಾವಿರಾರು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಬೇಸಿಗೆಯಿಡೀ ಚರಂಡಿಯಲ್ಲಿ ಕೊಳೆತದ್ದೆಲ್ಲ ಒಂದೇ ರಾತ್ರಿ ನದಿಗೆ ಬಂದರೆ ನೀರಿನ ಆಮ್ಲಜನಕ ಮುಗಿಯುತ್ತದೆ, ಮೀನು ಬಾಯಿ ಮೇಲೆ ಮಾಡಿ ಉಸಿರಿಗೆ ಒದ್ದಾಡುತ್ತದೆ. ಜನ ಚೀಲ ತಂದು ಅವನ್ನು ತುಂಬಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಇಳಿದು ಹೋಗಿ ಬೇಡ ಎಂದು ಕೈಮುಗಿದು ಹೇಳಿದೆ. ಕೆಲವರು ಚೆಲ್ಲಿದರು, ಕೆಲವರು ಹಾಗೇ ಒಯ್ದರು.

ಉಜನಿ ಈ ಎರಡರ ನಡುವೆ. ಪುಣೆಯ ಹೊಲಸು ಕೊನೆಗೆ ಭೀಮೆಯ ಕೂಡ ಅಲ್ಲಿಗೇ ಹೋಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ಹಸಿರು ಬಣ್ಣಕ್ಕೆ ತಿರುಗುವುದು ಅದಕ್ಕೇ. ಮಳೆಗಾಲದ ಹೊಸನೀರು ತುಂಬಿರುವ ಈ ತಿಂಗಳುಗಳಲ್ಲಿ ಚಿಕ್ಕ ಜಿಲೇಬಿಯನ್ನು ತಿಂಗಳಿಗೊಮ್ಮೆ ತರುತ್ತೇನೆ, ಕರುಳು, ಕೊಬ್ಬು, ತಲೆ ತೆಗೆದೇ ಅಡುಗೆ. ಕೆಸರಿನಲ್ಲಿ ವರ್ಷಗಟ್ಟಲೆ ಮೇದು ಮುದಿಯಾದ ದೊಡ್ಡ ಮೀನಿನ ಮೈಯಲ್ಲಿ ವಿಷ ಹೆಚ್ಚು ಕೂಡಿರುತ್ತದೆ, ಅದನ್ನು ತರುವುದಿಲ್ಲ. ಹೋಳಿ ಆದ ಮೇಲೆ ಉಜನಿಯದು ಯಾವುದೂ ಇಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಆ ನೀರು ಉಜನಿಯಲ್ಲಿ ಮುಗಿಯುವುದಿಲ್ಲ. ಮಳೆಗಾಲ ಬಂತೆಂದರೆ ಊರಿಂದ ತಮ್ಮನ ಫೋನು, "ಅಣ್ಣಾ, ಉಜನಿ ಎಷ್ಟ ಬಿಟ್ಟಾರ?" 2020ರ ಅಕ್ಟೋಬರಿನಲ್ಲಿ ಬಿಟ್ಟ ನೀರು ನಮ್ಮ ತೊಗರಿಯನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಇಲ್ಲಿ ನಾನು ನೋಡಿದ ನೀರು ಕೆಲವೇ ದಿನದಲ್ಲಿ ನಮ್ಮ ತಾಲೂಕಿನ ಸೊನ್ನ ಬ್ಯಾರೇಜಿನ ಹಿಂದೆ ನಿಂತಿರುತ್ತದೆ. ನಮ್ಮ ಓಣಿಯ ಮಕ್ಕಳು ಅದರಲ್ಲೇ ಈಜುತ್ತಾರೆ, ಗಾಳ ಹಾಕುತ್ತಾರೆ. ನೀವು ದಂಡೆಯಿಂದ ಏಳುವಾಗ ತುಂಡಾದ ದಾರ, ಪ್ಲಾಸ್ಟಿಕ್ ಚೀಲ ಎಲ್ಲ ಕಟ್ಟಿಕೊಂಡು ಬಂದರೆ ನಮ್ಮೂರಿನವರ ಪರವಾಗಿ ನಿಮಗೆ ನಮಸ್ಕಾರ.

ಎಳ್ಳಮಾವಾಸ್ಯೆಗೆ ನಾನು ಊರಿಗೆ ಹೋಗುತ್ತೇನೆ. ಅದಕ್ಕೂ ಮುಂಚಿನ ರವಿವಾರ ವರಸಗಾಂವದಲ್ಲೇ ಇರುತ್ತೇನೆ. ಕಾಲುವೆಗೆ ನೀರು ಬಿಟ್ಟಿದ್ದರೂ ಅಲ್ಲಿ ಅಷ್ಟೊಂದು ವ್ಯತ್ಯಾಸವಾಗದು. ನೀವು ಪಿಂಪ್ರಿಯಿಂದ ಎಂಟಕ್ಕೆ ಹೊರಟರೂ ಸಾಕು. ಹಿಂಡಿ ಎರಡು ಕಿಲೋ ನೆನೆಹಾಕಿರುತ್ತೇನೆ, ನೀವು ತರಬೇಡಿ. ತರುವುದಾದರೆ ದಾವಣಗೆರೆಯ ಮಂಡಕ್ಕಿ ತನ್ನಿ.