ಝಕಾತ್ ಹಣದಲ್ಲಿ ಕಟ್ಟಡ ಕೊಳ್ಳಬಹುದೇ?

ಓದುಗರ ಪತ್ರ: “ನಾನು ಒಂದು ಧರ್ಮಾರ್ಥ ಸಮಿತಿಯ ಖಜಾಂಚಿ. ಪ್ರತಿ ರಮಝಾನ್‌ನಲ್ಲಿ ಕಡ್ಡಾಯ ದಾನವಾದ ಝಕಾತ್ ಸಂಗ್ರಹಿಸಿ ಹಂಚುತ್ತೇವೆ. ಮರುವರ್ಷ ಅದೇ ಕುಟುಂಬಗಳು ಅದೇ ಸಾಲಿನಲ್ಲಿ ನಿಂತಿರುತ್ತವೆ. ಈ ಸಲ ಹಂಚುವ ಬದಲು ಒಂದು ಕಟ್ಟಡ ಕೊಂಡು, ಅದರ ಬಾಡಿಗೆಯಿಂದ ಸದಾಕಾಲ ನೆರವು ಕೊಡೋಣ ಎಂಬ ಪ್ರಸ್ತಾಪ ಬಂದಿದೆ. ನಮ್ಮ ಸುಪರ್ದಿನಲ್ಲಿ ಹಳೆಯ ವಕ್ಫ್ (ಶಾಶ್ವತ ದಾನವಾಗಿ ಮೀಸಲಿಟ್ಟ) ಮಳಿಗೆಗಳೂ ಇವೆ, ಬಾಡಿಗೆ ನಾಮಮಾತ್ರ. ಸಂಬಳ ಕೊಟ್ಟು ವ್ಯವಸ್ಥಾಪಕರನ್ನು ಇಟ್ಟುಕೊಳ್ಳಬಹುದೇ?”

ಸಂಪಾದಕರ ಉತ್ತರ: ಕಟ್ಟಡದ ಪ್ರಸ್ತಾಪವನ್ನು ಕೈಬಿಡಿ. ನಿಮ್ಮ ಸಮಿತಿಯವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಹಣಕ್ಕೆ ಆಗಲೇ ವಾರಸುದಾರರಿದ್ದಾರೆ.

ಸುಮಾರು 85 ಗ್ರಾಂ ಚಿನ್ನದ ಬೆಲೆಯಷ್ಟು ಸಂಪತ್ತು ಒಂದು ಚಾಂದ್ರ ವರ್ಷ ಕೈಯಲ್ಲಿ ಉಳಿದರೆ, ಅದರ ಶೇಕಡಾ 2.5 ಭಾಗ, ಅಂದರೆ ಝಕಾತ್, ಇನ್ನೊಬ್ಬರ ಹಕ್ಕು. ಆ ಇನ್ನೊಬ್ಬರು ಯಾರು ಎಂಬುದನ್ನು ಕುರ್‌ಆನ್‌ನ 9ನೇ ಅಧ್ಯಾಯದ 60ನೇ ವಚನ ಎಂಟು ವರ್ಗಗಳಾಗಿ ಹೆಸರಿಸಿದೆ. ಇಸ್ಲಾಮಿನ ಕರ್ಮಶಾಸ್ತ್ರ ಪಂಥಗಳಲ್ಲೊಂದಾದ ಹನಫಿ ಪಂಥದ ವಿದ್ವಾಂಸರ ಪ್ರಕಾರ ಝಕಾತ್ ಒಬ್ಬ ಅರ್ಹ ವ್ಯಕ್ತಿಯ ಸ್ವಂತ ಸ್ವತ್ತಾಗಬೇಕು. ಆದ್ದರಿಂದಲೇ ಮಸೀದಿ, ಸೇತುವೆ, ಆಸ್ಪತ್ರೆಯ ಕಟ್ಟಡಗಳಿಗೆ ಅದು ಸಲ್ಲದು ಎನ್ನುತ್ತಾರೆ. ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಕರ್ಮಶಾಸ್ತ್ರ) ಅಕಾಡೆಮಿ 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದಾಗ ಝಕಾತ್ ಹಣದ ಹೂಡಿಕೆಗೆ ಬಾಗಿಲು ತೆರೆಯಿತು, ನಿಜ. ಆದರೆ ಅರ್ಹರ ತುರ್ತು ಅಗತ್ಯಗಳು ಮೊದಲು ಪೂರೈಕೆಯಾಗಿರಬೇಕು, ನಷ್ಟದ ವಿರುದ್ಧ ತಕ್ಕ ಖಾತರಿ ಇರಬೇಕು ಎಂಬ ಷರತ್ತುಗಳನ್ನೂ ಹಾಕಿತು. ನಿಮ್ಮ ಬಾಗಿಲಲ್ಲಿ ಇನ್ನೂ ಸಾಲು ನಿಂತಿದೆ ಎಂದು ನೀವೇ ಬರೆದಿದ್ದೀರಿ.

ಆ ಸಾಲು ಕರಗದಿರುವುದಕ್ಕೆ ಕಾರಣ ಹಂಚುವುದಲ್ಲ, ಹಂಚುವ ರೀತಿ. ಸಿಕ್ಕ ಮೊತ್ತವನ್ನು ತಲೆ ಎಣಿಸಿ ಸಮನಾಗಿ ಭಾಗಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ, ಯಾರ ಬದುಕೂ ಬದಲಾಗುವುದಿಲ್ಲ. (ಸಮಿತಿಗಳಿಗೆ ಇದು ಇಷ್ಟವಾಗುವುದೇ ಜಗಳ ತಪ್ಪುತ್ತದೆ ಎಂಬ ಕಾರಣಕ್ಕೆ ಎಂದು ನನ್ನ ಗುಮಾನಿ.) ಕೊಡುವಾಗ ಪಡೆದವನಿಗೆ ಮತ್ತೆ ಕೈಚಾಚುವ ಅಗತ್ಯ ಬೀಳದಷ್ಟು ಕೊಡಿ ಎಂಬ ಅರ್ಥದ ಮಾತು ಎರಡನೇ ಖಲೀಫ ಉಮರ್ ಅವರ ಹೆಸರಿನಲ್ಲಿ ದಾಖಲಾಗಿದೆ. ಶಾಫಿ ಪಂಥದ ಗ್ರಂಥಗಳು ಇನ್ನೂ ಮುಂದೆ ಹೋಗಿ, ಕಸುಬುದಾರನಿಗೆ ಅವನ ಉಪಕರಣಗಳನ್ನು, ವ್ಯಾಪಾರಿಗೆ ಬಂಡವಾಳವನ್ನು ಕೊಡಬೇಕೆನ್ನುತ್ತವೆ. ಒಬ್ಬನಿಗೆ ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ಸಂಪತ್ತು) ಮೀರಿ ಕೊಡುವುದನ್ನು ಹನಫಿಗಳು ಮೆಚ್ಚುವುದಿಲ್ಲವಾದರೂ, ಸಾಲಗಾರನಿಗೂ ದೊಡ್ಡ ಕುಟುಂಬದವನಿಗೂ ವಿನಾಯಿತಿ ಇದೆ. ಎಂಟು ವರ್ಗಗಳಲ್ಲಿ ಸಾಲಗಾರರೂ ಸೇರಿದ್ದಾರೆ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಬಡ್ಡಿಯಲ್ಲಿ ಮುಳುಗಿದ ಮನೆಯೊಂದರ ಸಾಲವನ್ನು ಒಮ್ಮೆಗೇ ತೀರಿಸಿ ನೋಡಿ. ಪ್ರತಿ ವರ್ಷ ಹತ್ತಿಪ್ಪತ್ತು ಕುಟುಂಬಗಳನ್ನಾದರೂ ಹೀಗೆ ಪೂರ್ತಿ ಮೇಲೆತ್ತಲು ಒಂದು ಪಾಲನ್ನು ತೆಗೆದಿಡಿ. ವೃದ್ಧರಿಗೆ, ರೋಗಿಗಳಿಗೆ ಎಂದಿನ ನೆರವು ಮುಂದುವರಿಯಲಿ.

ಶಾಶ್ವತ ಆದಾಯ ಬೇಕೆಂದರೆ ಅದಕ್ಕೆ ವಕ್ಫ್ ಇದೆ. ಅರೇಬಿಯಾದ ಖೈಬರ್‌ನಲ್ಲಿ ಸಿಕ್ಕ ಜಮೀನನ್ನು ಏನು ಮಾಡಲಿ ಎಂದು ಉಮರ್ ಕೇಳಿದಾಗ, ಮೂಲವನ್ನು ಹಾಗೆಯೇ ಉಳಿಸಿಕೊಂಡು ಫಲವನ್ನು ದಾನ ಮಾಡಬಹುದು ಎಂದು ಪ್ರವಾದಿಯವರು ಹೇಳಿದರು. ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ವಾರಸುದಾರರಿಗೆ ಹೋಗುವಂತಿಲ್ಲ. ಜಮೀನು ಇಲ್ಲದವರೂ ವಕ್ಫ್ ಮಾಡಬಹುದು. ಹಣವನ್ನೇ ಮೂಲವಾಗಿಟ್ಟ ನಗದು ವಕ್ಫ್ 16ನೇ ಶತಮಾನದ ಒಟ್ಟೋಮನ್ ಸಾಮ್ರಾಜ್ಯದಲ್ಲೇ ದೊಡ್ಡ ವಾಗ್ವಾದಕ್ಕೆ ಕಾರಣವಾಗಿತ್ತು. ವಿದ್ವಾಂಸ ಬಿರ್ಗಿವಿ ಖಂಡಿಸಿದರು, ಶೈಖುಲ್ ಇಸ್ಲಾಂ (ಸಾಮ್ರಾಜ್ಯದ ಪ್ರಧಾನ ಮುಫ್ತಿ) ಎಬುಸ್ಸುದ್ ಎಫೆಂದಿ ಸಮರ್ಥಿಸಿದರು. ಇಂಡೋನೇಷ್ಯಾದ 2004ರ ವಕ್ಫ್ ಕಾನೂನು ಅದಕ್ಕೆ ಸ್ಪಷ್ಟ ಮಾನ್ಯತೆ ಕೊಟ್ಟಿದೆ. ಕಟ್ಟಡ ಬೇಕೆನ್ನುವ ನಿಮ್ಮ ಸದಸ್ಯರು ಝಕಾತ್ ಪೆಟ್ಟಿಗೆಗೆ ಕೈಹಾಕದೆ, ವಕ್ಫ್ ಎಂದೇ ಬರೆದು ಪ್ರತ್ಯೇಕ ದೇಣಿಗೆ ಎತ್ತಲಿ.

ಇನ್ನು ಮಳಿಗೆಗಳು. ವಕ್ಫ್ ಆಸ್ತಿಗಳನ್ನು ಕಳ್ಳರಿಗಿಂತ ಹೆಚ್ಚು ತಿಂದದ್ದು ದೀರ್ಘಾವಧಿ ಗುತ್ತಿಗೆಗಳು. ಕಾಲ ಕಳೆದಂತೆ ಬಾಡಿಗೆದಾರ ಮಾಲೀಕನಂತಾಗುತ್ತಾನೆ, ಬಾಡಿಗೆ ಮಾತ್ರ ಅಜ್ಜನ ಕಾಲದಲ್ಲೇ ನಿಂತಿರುತ್ತದೆ. ಗುತ್ತಿಗೆಯ ಅವಧಿಯನ್ನು ಕಿರಿದುಮಾಡಿ, ನವೀಕರಿಸುವಾಗ ಮಾರುಕಟ್ಟೆ ದರ ಕೇಳಿ. ಬಂದ ಬಾಡಿಗೆಯಲ್ಲಿ ಮೊದಲ ಖರ್ಚು ದುರಸ್ತಿಯದು. ದಾನಿ ಹಾಗೆ ಬರೆಯದಿದ್ದರೂ ಕರ್ಮಶಾಸ್ತ್ರ ಅದನ್ನೇ ಹೇಳುತ್ತದೆ. ಛಾವಣಿ ಸೋರುತ್ತಿರುವಾಗ ಪೂರ್ತಿ ಬಾಡಿಗೆಯನ್ನು ಹಂಚಿಬಿಡುವುದು ಪುಣ್ಯದ ಕೆಲಸವೆಂದು ಭಾವಿಸಬೇಡಿ. ಬಂಡವಾಳವೇ ಇಲ್ಲದಿದ್ದರೆ ಸಿಂಗಾಪುರದ ಬೆಂಕೂಲೆನ್ ಬೀದಿಯ ಉದಾಹರಣೆ ನೋಡಿ. ಹಳೆಯ ವಕ್ಫ್ ನಿವೇಶನದಲ್ಲಿ ಹೊಸ ಮಸೀದಿ, ಜೊತೆಗೆ ಬಾಡಿಗೆ ತರುವ ವಸತಿ ಮತ್ತು ವಾಣಿಜ್ಯ ಸಂಕೀರ್ಣ ಎದ್ದವು. ಅದಕ್ಕೆ 2001ರಲ್ಲಿ 3.5 ಕೋಟಿ ಸಿಂಗಾಪುರ ಡಾಲರ್‌ಗಳ ಮುಷಾರಕ ಸುಕೂಕ್ (ಪಾಲುದಾರಿಕೆಯ ಇಸ್ಲಾಮಿಕ್ ಬಾಂಡ್) ಮೂಲಕ ಹಣ ಹೊಂದಿಸಲಾಯಿತು.

ಸಂಬಳದ ಪ್ರಶ್ನೆಗೆ ಇಷ್ಟೇಕೆ ಸಂಕೋಚ? ಝಕಾತ್ ಸಂಗ್ರಹಿಸಿ ಹಂಚುವವರು ಎಂಟರಲ್ಲಿ ಒಂದು ವರ್ಗ. ಅವರ ಪಾಲು ಎಂಟನೇ ಒಂದು ಭಾಗವನ್ನು ಮೀರಬಾರದೆಂಬುದು ಇಮಾಮ್ ಶಾಫಿ ಅವರ ನಿಲುವು. ಖೈಬರ್ ಜಮೀನಿನ ಉಸ್ತುವಾರಿ ನೋಡುವವನೂ ರೂಢಿಯ ಮಿತಿಯಲ್ಲಿ ಅದರಿಂದ ಉಣ್ಣಬಹುದಿತ್ತು, ಆಸ್ತಿ ಕೂಡಿಹಾಕುವಂತಿರಲಿಲ್ಲ. ಆದರೆ ಮಳಿಗೆ ನೋಡಿಕೊಳ್ಳುವ ಕೆಲಸಕ್ಕೆ ಝಕಾತ್‌ನಿಂದ ಸಂಬಳ ತೆಗೆಯಬೇಡಿ, ಬಾಡಿಗೆಯಿಂದ ಕೊಡಿ. ಸಮಿತಿ ಸದಸ್ಯರ ನೆಂಟರನ್ನೂ ಮಳಿಗೆಗಳ ಬಾಡಿಗೆದಾರರನ್ನೂ ಆ ಹುದ್ದೆಗೆ ಪರಿಗಣಿಸಬೇಡಿ. ಮತ್ತು ನೇಮಕಕ್ಕೆ ಮುಂಚೆಯೇ ಝಕಾತ್‌ಗೊಂದು, ವಕ್ಫ್‌ಗೊಂದು ಎಂದು ಎರಡು ಬ್ಯಾಂಕ್ ಖಾತೆಗಳನ್ನು ತೆರೆಯಿರಿ. ಒಂದೇ ಖಾತೆಯಲ್ಲಿ ಬೆರೆತ ಹಣವನ್ನು ಆಮೇಲೆ ಬಿಡಿಸುವುದು ಎಷ್ಟು ಕಷ್ಟವೆಂದು ಖಜಾಂಚಿಯಾದ ನಿಮಗೆ ನಾನು ಹೇಳಬೇಕಿಲ್ಲ.