ಮಂಡ್ಯದಿಂದ ಖಂಡಿತ ಬನ್ನಿ
ಬಿಡುಗಡೆಗೆ ಮುಂಚೆ ತೋರಿಸುವ ಸಣ್ಣ ಬಜೆಟ್ಟಿನ ಸಿನಿಮಾ ನೋಡೋಕೆ ಮೈಸೂರಿನವರೆಗೂ ಬರಬೇಕಾ ಅಂತ ಕೇಳಿದ್ದೀರಿ. ಬನ್ನಿ, ಸುಮಾರು 45 ಕಿಲೋಮೀಟರ್ ಅಷ್ಟೇ ಅಲ್ವಾ. ಹೋದ ತಿಂಗಳು ನಾನು ನೋಡಿದ್ದು ಬೆಂಗಳೂರಿನ ಬಾಡಿಗೆ ಮನೆಯ ಕಥೆ. ಮಧ್ಯಂತರದ ನಂತರ ಸ್ವಲ್ಪ ಜಾಸ್ತಿನೇ ಎಳೆದಿದ್ದಾರೆ. ಆದರೆ ಒಂದು ದೃಶ್ಯ ಇನ್ನೂ ಕಣ್ಣಲ್ಲಿದೆ: ರಾತ್ರಿ ಪಾಳಿ ಮುಗಿಸಿ ಬಂದ ಹುಡುಗಿ ನೀರಿನ ಕ್ಯಾನ್ ಎತ್ತಿಕೊಂಡು ಮೂರು ಮಹಡಿ ಹತ್ತುತ್ತಾಳೆ, ಒಂದು ಬಾಗಿಲ ಹಿಂದೆ ಕುಕ್ಕರ್ ಕೂಗು, ಇನ್ನೊಂದರ ಹಿಂದೆ ಟಿವಿ ಸದ್ದು, ಮಾತೇ ಇಲ್ಲ. ನಮ್ಮಕ್ಕ ಅಲ್ಲಿ ಆರು ವರ್ಷ ಹೀಗೇ ಇದ್ದಳು, ನನಗೆ ಗಂಟಲು ಕಟ್ಟಿತು. ಹೀಗೆ ಬಿಡುಗಡೆಗೆ ಮೊದಲೇ ತೋರಿಸೋದು ಹೊಸದೇನಲ್ಲ: ನಿಮ್ಮ ಜಿಲ್ಲೆಯವರೇ ನಟಿಸಿದ ‘ತಿಥಿ’ ಸಿನಿಮಾ 2015ರಲ್ಲೇ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದರೂ ಇಲ್ಲಿ ತೆರೆಗೆ ಬಂದದ್ದು 2016ರಲ್ಲಿ. ಪ್ರದರ್ಶನ ಮುಗಿದ ತಕ್ಷಣ ಎದ್ದು ಹೋಗಬೇಡಿ, ನಿರ್ದೇಶಕರು ಅಲ್ಲೇ ಇದ್ದರೆ ಎಲ್ಲಿ ಎಳೆದಿದೆ ಅಂತ ನೇರವಾಗಿ ಹೇಳಿ, ಕತ್ತರಿ ಹಾಕೋಕೆ ಅವರಿಗಿನ್ನೂ ಸಮಯ ಇರುತ್ತದೆ.