ಕಾರ್ಡಿನ ಮಡಿಕೆ ಒಡೆಯುತ್ತಿದ್ದರೆ ಗೆರೆ ಎಳೆಯುವ ಮೊದಲು ಹಾಳೆಯ ಎಳೆ ನೋಡಿ

ಚಿತ್ರದುರ್ಗದ ಅಕ್ಕ, ನೀವು ಹಾಕಿದ ಫೋಟೊ ದೊಡ್ಡದು ಮಾಡಿ ನೋಡಿದೆ. ನಾಮಕರಣಕ್ಕೆ 60 ಕಾರ್ಡು, 300 ಜಿ.ಎಸ್.ಎಂ. (ಚದರ ಮೀಟರಿಗೆ 300 ಗ್ರಾಂ ತೂಗುವ) ಮೆರೂನ್ ಹಾಳೆ, ಎ4 ಅನ್ನು ಅರ್ಧಕ್ಕೆ ಮಡಿಸಿದ್ದೀರಿ. ಮಡಿಕೆ ಉದ್ದಕ್ಕೂ ಮೇಲಿನ ಬಣ್ಣ ಒಡೆದು ಒಳಗಿನ ಬಿಳಿ ಕಾಣ್ತಿದೆ. ಮಡಿಕೆ ಒತ್ತುವ ಮೊಂಡು ಸಲಕರಣೆ ಬೋನ್ ಫೋಲ್ಡರ್ ತರಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸಲಕರಣೆಗೆ ದುಡ್ಡು ಹಾಕೋದು ಆಮೇಲೆ ಇರಲಿ. ಬಿರುಕಿನ ಅಂಚು ಹಲ್ಲುಹಲ್ಲಾಗಿ ಎದ್ದಿದೆ ನೋಡಿ, ಹಾಳೆಯ ಎಳೆಗೆ ಅಡ್ಡಲಾಗಿ ಮಡಿಸಿದಾಗ ಹೀಗಾಗೋದು.

ಮಿಲ್ಲಿನಲ್ಲಿ ಕಾಗದ ತಯಾರಾಗುವಾಗ ನಾರಿನ ಎಳೆಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಪ್ರೆಸ್‌ನವರು ಇದನ್ನೇ ಗ್ರೇನ್ ಅನ್ನೋದು. ಅಡಿಕೆ ದಬ್ಬೆ ಉದ್ದಕ್ಕೆ ಸಲೀಸಾಗಿ ಸೀಳುತ್ತೆ, ಅಡ್ಡಕ್ಕೆ ಮುರಿದರೆ ಸಿಬಿರು ಏಳುತ್ತೆ ಅಲ್ವಾ, ಹಾಳೆಯೂ ಹಾಗೇ. ಎಳೆ ಹೋಗುವ ದಿಕ್ಕಿಗೇ ಮಡಿಕೆ ಬಿದ್ದರೆ ನುಣ್ಣಗೆ ಕೂರುತ್ತೆ. ಅಡ್ಡ ಬಿದ್ದರೆ ಒಂದೊಂದು ಎಳೆಯನ್ನೂ ಮುರಿದು ಮಡಿಸಿದ ಹಾಗಾಗುತ್ತೆ, ಎಂಥ ಒಳ್ಳೆ ಫೋಲ್ಡರ್ ಇದ್ದರೂ 300 ಜಿ.ಎಸ್.ಎಂ. ಹಾಳೆ ಒಡೆದೇ ಒಡೆಯುತ್ತೆ.

ಎಳೆ ಗೊತ್ತು ಮಾಡೋದು ಸುಲಭ. ಹಾಳೆಯನ್ನು ಮೇಜಿನ ಮೇಲಿಟ್ಟು ಒಂದು ಬದಿ ಎತ್ತಿ ಎದುರು ಬದಿಗೆ ತಂದು, ಮಡಿಕೆ ಬೀಳದ ಹಾಗೆ ಅಂಗೈಯಿಂದ ಮೆಲ್ಲಗೆ ಒತ್ತಿ. ಆಮೇಲೆ ಇನ್ನೊಂದು ದಿಕ್ಕಿಗೂ ಹಾಗೇ ಮಾಡಿ. ಯಾವ ದಿಕ್ಕಿನಲ್ಲಿ ಕೈಗೆ ಕಡಿಮೆ ತಡೆ ಸಿಗುತ್ತೋ, ಅಲ್ಲಿ ಮಡಿಕೆ ಬೀಳುವ ಗೆರೆಯ ಗುಂಟ ಎಳೆ ಇದೆ ಅಂತ. ಅನುಮಾನ ಉಳಿದರೆ ಒಂದು ತುಂಡು ಕತ್ತರಿಸಿ ಒಂದೇ ಮೈಗೆ ನೀರು ಸವರಿ. ಅದು ಕೊಳವೆ ಥರ ಸುರುಳಿಯಾಗುತ್ತೆ, ಆ ಕೊಳವೆಯ ಉದ್ದವೇ ಎಳೆಯ ದಿಕ್ಕು.

ಈಗ ನಿಮ್ಮ ಎ4 ವಿಷಯ. ಪ್ಯಾಕೆಟ್‌ನಲ್ಲಿ ಬರುವ ಎ4 ಹಾಳೆಗಳಲ್ಲಿ ಸಾಮಾನ್ಯವಾಗಿ ಎಳೆ 297 ಮಿ.ಮೀ. ಬದಿಯ ಗುಂಟ ಇರುತ್ತೆ. ಅದನ್ನು ಅರ್ಧಕ್ಕೆ ಮಡಿಸಿ ಎ5 ಕಾರ್ಡ್ ಮಾಡಿದರೆ ಮಡಿಕೆ ಎಳೆಗೆ ಅಡ್ಡವೇ ಬೀಳುತ್ತೆ. ಅದೇ ಎ4 ಅನ್ನು ನಡುವೆ ಕತ್ತರಿಸಿ ಎರಡು ಎ5 ಮಾಡಿ, ಒಂದೊಂದನ್ನೂ 105 ಮಿ.ಮೀ.ಗೆ ಮಡಿಸಿದರೆ ಮಡಿಕೆ ಎಳೆಯ ಜೊತೆಗೇ ಹೋಗುತ್ತೆ. ಚಿಕ್ಕ ಕಾರ್ಡ್ ಸಾಕು ಅನ್ನೋದಾದರೆ ಮನೆಯಲ್ಲಿ ಉಳಿದಿರೋ ಹಾಳೆಯಲ್ಲೇ ಕೆಲಸ ಮುಗಿಯುತ್ತೆ.

ದೊಡ್ಡದೇ ಬೇಕು ಅಂದರೆ 22×28 ಇಂಚಿನ ಇಡೀ ಶೀಟ್ ತಗೊಳ್ಳಿ. ಎಳೆ 28 ಇಂಚಿನ ಗುಂಟ ಇದ್ದರೆ 7×11 ಇಂಚಿನ ತುಂಡು ಮಾಡಿ, 7 ಇಂಚಿನ ಬದಿ 28ರ ಗುಂಟ ಬರಲಿ. ಒಂದು ಚೂರೂ ವ್ಯರ್ಥ ಆಗದೆ ಎಂಟು ತುಂಡು ಬರುತ್ತವೆ, ಮಡಿಸಿದರೆ ಪುಸ್ತಕದ ಥರ ತೆರೆಯುವ 5.5×7 ಇಂಚಿನ ಕಾರ್ಡ್. ಎಳೆ 22ರ ಗುಂಟ ಇದ್ದರೆ 5.5×14ರ ಎಂಟು ತುಂಡು ಮಾಡಿ, 5.5 ಇಂಚಿನ ಬದಿ 22ರ ಗುಂಟ ಇರಲಿ. ಅಳತೆ ಅದೇ, ಕಾರ್ಡ್ ಮಾತ್ರ ಮೇಲಕ್ಕೆ ತೆರೆಯುತ್ತೆ. ಎಂಟು ಶೀಟಿಗೆ 64 ಕಾರ್ಡು, ನಾಲ್ಕು ಕೆಟ್ಟರೂ ನಿಮ್ಮ 60 ಸಿಗುತ್ತೆ.

ಇನ್ನು ಗೆರೆ ಒತ್ತೋದು, ಅಂದರೆ ಮಡಿಸುವ ಮೊದಲು ಮಡಿಕೆಯ ಜಾಗದಲ್ಲಿ ತಗ್ಗು ಮಾಡೋದು. ಇಂಕ್ ಪೂರ್ತಿ ಮುಗಿದ ಬಾಲ್‌ಪೆನ್ ಧಾರಾಳ ಸಾಕು, ಮೊದಲು ರದ್ದಿ ಕಾಗದದ ಮೇಲೆ ಎಳೆದು ಬಣ್ಣ ಬಿಡಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಮೊಂಡು ಹೆಣಿಗೆ ಕಡ್ಡಿಯೂ ಆಗುತ್ತೆ. ಗಾಜು, ಗ್ರಾನೈಟ್ ಮೇಲೆ ಮಾಡಬೇಡಿ, ಹಾಳೆ ಕೆಳಕ್ಕೆ ಇಳಿಯೋಕೆ ಜಾಗ ಇರಲ್ಲ. ನಾಲ್ಕೈದು ಪದರ ನ್ಯೂಸ್‌ಪೇಪರ್ ಅಥವಾ ಹಳೇ ಮೌಸ್ ಪ್ಯಾಡ್ ಇರಲಿ. ಸ್ಟೀಲ್ ಸ್ಕೇಲನ್ನು ಬೆರಳು ಅಗಲಿಸಿ ಒತ್ತಿ ಹಿಡಿದು, ಮೊದಲ ಸಲ ಹಗುರಕ್ಕೆ ಎಳೆದು ದಾರಿ ಮಾಡಿ, ಮತ್ತೆರಡು ಸಲ ಅದೇ ದಾರಿಯಲ್ಲಿ ಸ್ವಲ್ಪ ಬಿಗಿಯಾಗಿ ಎಳೆಯಿರಿ. ಒಂದೇ ಏಟಿಗೆ ಜೋರಾಗಿ ಒತ್ತಿದರೆ ಮೇಲ್ಪದರ ಹರಿಯುತ್ತೆ.

ಬಹಳ ಜನ ತಿರುಗುಮುರುಗು ಮಾಡೋದು ಇದರ ನಂತರ. ಗೆರೆ ಒತ್ತಿದ ಕಡೆ ತಗ್ಗು, ಹಿಂದೆ ಸಣ್ಣ ಉಬ್ಬು ಬಂದಿರುತ್ತೆ. ಆ ಉಬ್ಬು ಕಾರ್ಡಿನ ಒಳಗೆ ಬರಬೇಕು. ಅಂದರೆ ಗೆರೆಯನ್ನು ಹೊರಮೈಯಲ್ಲಿ ಒತ್ತಿ, ಗೆರೆಯಿಂದ ಆಚೆಗೆ ಮಡಿಸಬೇಕು. ತಗ್ಗಿನ ಕಡೆಗೇ ಮಡಿಸೋದು ಸರಿ ಅಂತ ಕೈಗೆ ಅನ್ನಿಸುತ್ತೆ, ಆದರೆ ಹಾಗೆ ಮಾಡಿದರೆ ಹೊರಪದರದ ಮೇಲೆ ಎಳೆತ ಜಾಸ್ತಿಯಾಗಿ ಬಣ್ಣ ಬಿಡುತ್ತೆ. ತೆರೆದಾಗ ಚಿತ್ರ ಎದ್ದು ನಿಲ್ಲುವ ಪಾಪ್‌ಅಪ್ ಕಾರ್ಡ್ ಮಾಡುವವರು ಒಂದೊಂದು ಮಡಿಕೆಗೂ ಯಾವ ಮೈಯಲ್ಲಿ ಒತ್ತಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಕೊನೆಗೆ ಮಡಿಕೆ ಮೇಲೆ ತೆಳು ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿ. ನೇರವಾಗಿ ಉಜ್ಜಿದರೆ ಮೆರೂನ್‌ನಂಥ ಗಾಢ ಬಣ್ಣದ ಮೇಲೆ ಹೊಳೆಯುವ ಪಟ್ಟೆ ಕೂರುತ್ತೆ, ಅದು ಹೋಗಲ್ಲ.

ನಿಮ್ಮ ಫೋಟೊ ಕೆಳಗೆ ಒಬ್ಬರು, ಗೆರೆ ಒತ್ತೋ ಬದಲು ಕಟರ್‌ನಿಂದ ಅರ್ಧ ಆಳಕ್ಕೆ ಕೊಯ್ಯಿರಿ ಅಂದಿದ್ದಾರೆ. ದಪ್ಪ ರಟ್ಟಿನ ಡಬ್ಬಿಗೆ ಅದು ಒಳ್ಳೆ ದಾರಿ. ಪದೇ ಪದೇ ತೆರೆದು ಮುಚ್ಚುವ ಕಾರ್ಡಿಗೆ ಬೇಡ, ಎಳೆ ಕಡಿದುಹೋದ ಜಾಗದಲ್ಲಿ ಸ್ವಲ್ಪ ದಿನಕ್ಕೇ ಹರಿಯುತ್ತೆ.

ಗಾಳಿಯೂ ಕೆಲಸ ಕೆಡಿಸುತ್ತೆ. ಪ್ರಯೋಗಾಲಯದಲ್ಲಿ ಕಾಗದ ಪರೀಕ್ಷಿಸುವ ಮೊದಲು ಅದನ್ನು 23 ಡಿಗ್ರಿ ಸೆಲ್ಸಿಯಸ್, ಶೇಕಡಾ 50 ತೇವಾಂಶದ ಗಾಳಿಯಲ್ಲಿ ಹದಕ್ಕೆ ತರ್ತಾರೆ. ನಮ್ಮ ದಾವಣಗೆರೆಯಲ್ಲಾಗಲಿ ನಿಮ್ಮ ದುರ್ಗದಲ್ಲಾಗಲಿ ಬೇಸಿಗೆ ಮಧ್ಯಾಹ್ನ ಅಷ್ಟು ತೇವ ಎಲ್ಲಿ ಬರಬೇಕು? ಒಣಗಿದ ಹಾಳೆ ಬೇಗ ಮುರಿಯುತ್ತೆ. ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿರಿ, ಮಡಿಸುವಾಗ ಮಾತ್ರ ಒಂದೊಂದೇ ತೆಗೀರಿ, ಆ ಕೆಲಸ ಬೆಳಿಗ್ಗೆ ಬೇಗ ಮಾಡಿ.

ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ ಬಳಸಬಹುದಾ ಅಂತಲೂ ಕೇಳಿದ್ದೀರಿ. ಖಂಡಿತ ಬಳಸಿ. ಹತ್ತಿ ಮಿಲ್ಲುಗಳ ಊರಿನವಳಾಗಿ ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಅದರಲ್ಲಿ ನಾರು ಎಲ್ಲ ದಿಕ್ಕಿಗೂ ಚೆಲ್ಲಿಕೊಂಡಿರೋದರಿಂದ ಎಳೆಯ ಕಾಟ ಅಷ್ಟಿಲ್ಲ, ಯಾವ ಕಡೆ ಮಡಿಸಿದರೂ ಹೆಚ್ಚುಕಮ್ಮಿ ಒಂದೇ. ಚೂಪು ತುದಿ ಮಾತ್ರ ಬೇಡ, ನಾರು ಕಿತ್ತು ಬರುತ್ತೆ.

60 ಕಾರ್ಡಿಗೂ ಸ್ಕೇಲ್ ಇಟ್ಟು ಅಳೀತಾ ಕೂತರೆ ಸಾಲು ತಪ್ಪುತ್ತೆ. ಒಂದು ರಟ್ಟಿನ ಮೇಲೆ ಇನ್ನೆರಡು ನೇರ ರಟ್ಟುಗಳನ್ನು ಒಂದು ಮಿ.ಮೀ. ಆಸುಪಾಸು ಸಂದು ಬಿಟ್ಟು ಅಂಟಿಸಿ. ಸಂದಿನಿಂದ ಸರಿಯಾಗಿ 5.5 ಇಂಚಿಗೆ (5.5×14ರ ತುಂಡಾದರೆ 7 ಇಂಚಿಗೆ) ಒಂದು ರಟ್ಟಿನ ಪಟ್ಟಿ ಅಡ್ಡ ಅಂಟಿಸಿದರೆ ಹಾಳೆಯನ್ನು ಅದಕ್ಕೆ ತಾಗಿಸಿ ಸಂದಿನ ಗುಂಟ ಪೆನ್ ಎಳೆಯೋದಷ್ಟೇ. ಪುರಸೊತ್ತಿಲ್ಲ ಅಂದರೆ ಪ್ರೆಸ್‌ಗೆ ಒಯ್ದು ಕ್ರೀಸಿಂಗ್ (ಯಂತ್ರದಲ್ಲಿ ಗೆರೆ ಒತ್ತೋದು) ಹೊಡೆಸಿ, ಆದರೆ ಎಳೆ ನೋಡಿ ಕತ್ತರಿಸಿದ ಹಾಳೆಯನ್ನೇ ಕೊಡಿ, ಹೊರಮೈ ಯಾವುದು ಅಂತ ಮೇಲಿನ ಹಾಳೆಗೆ ಚೀಟಿ ಅಂಟಿಸಿ ಕೊಡಿ. ಎಳೆ ನೋಡುವಾಗ ಗೊಂದಲ ಆದರೆ ನೀರು ಸವರಿದ ತುಂಡಿನ ಫೋಟೊ ಇಲ್ಲೇ ಹಾಕಿ, ಶೀಟಿನ ಉದ್ದ ಯಾವ ಕಡೆ ಅಂತ ಬಾಣದ ಗುರುತು ಮಾಡಿರಿ, ನೋಡಿ ಹೇಳ್ತೀನಿ.